ಭಾನುವಾರದ ಮೊಣಕಾಲು ನೋವು

ಅಪ್ಪನಿಗೆ,

ಜ್ವರದ ಮಾತ್ರೆ ಈ ಕಾಗದದ ಪಕ್ಕದಲ್ಲೇ ಇದೆ. ಊಟವಾದ ಮೇಲೆ ತೆಗೆದುಕೊಳ್ಳಿ.

ನಿನ್ನೆ ನೀವು ಮಲಗಿದ್ದಾಗ ನಾನು ಗ್ರಂಥಾಲಯದ ಮಹಡಿಗೆ ಹೋಗಿದ್ದೆ. ಅಲ್ಲಿ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುತ್ತಾರೆ. ಏನೂ ಗೊತ್ತಿಲ್ಲದವರನ್ನೂ ಸೇರಿಸಿಕೊಳ್ಳುವ ಇಂಥ ಗುಂಪನ್ನು ಮೂರು ತಿಂಗಳಿಂದ ಹುಡುಕುತ್ತಿದ್ದೆ.

ಆಟ ನಡೆಸುವ ಟೀಚರಮ್ಮ ನನಗೊಂದು ಹಾಳೆ ಕೊಟ್ಟರು. “ನಮ್ಮ ವಾಚ್ ರಿಪೇರಿ ಅಣ್ಣ ಇವತ್ತು ಬಂದಿಲ್ಲ. ಅವರ ಕಳ್ಳನ ಪಾತ್ರಾನೇ ನೀವು ಆಡಿ. ಅವರಿದ್ರೆ ನಕ್ಕೂ ನಕ್ಕೂ ನಮಗೆ ಹೊಟ್ಟೆನೋವು ಬರುತ್ತೆ.”

ಹಾಳೆಯ ಮೇಲೆ, ರಿಪೇರಿಗೆ ಬಂದ ವಾಚಿಗೆ ನೀವು ಕಟ್ಟುವ ಚೀಟಿಯ ಅದೇ ಇರುವೆ ಸಾಲಿನಂಥ ಅಕ್ಷರ. ಎರಡು ವರ್ಷದಿಂದ ಪ್ರತಿ ಭಾನುವಾರ ಮೊಣಕಾಲಿನ ವ್ಯಾಯಾಮವೆಂದು ನೀವು ಹೋಗುತ್ತಿದ್ದದ್ದು ಅಲ್ಲಿಗೆ. ಮನೆಯಲ್ಲಿ ಹೂಂ, ಊಹೂಂ ಬಿಟ್ಟು ಮೂರನೇ ಮಾತಾಡದ ನೀವು.

ಕಳ್ಳನ ಬಗ್ಗೆ ನೀವು ಬರೆದದ್ದು: ‘ಶಕ್ತಿ: ಯಾವ ಬೀಗವನ್ನಾದರೂ ತೆರೆಯುತ್ತಾನೆ. ದೌರ್ಬಲ್ಯ: ಮಗಳೆದುರು ಮಾತು ಹೊರಡುವುದಿಲ್ಲ.’

ಕಥೆಯಲ್ಲಿ ಕಳ್ಳ ಮಗಳ ಮನೆ ಬಾಗಿಲಿಗೆ ಬಂದು ನಿಂತಿದ್ದ. ಅವನು ಮಾತಾಡಬೇಕಾದರೆ ದಾಳದಲ್ಲಿ ಐದೋ ಆರೋ ಬೀಳಬೇಕಿತ್ತು. ಆರೇ ಬಿತ್ತು. “ಹೇಳಿ, ಏನಂತೀರ?” ಎಂದರು ಟೀಚರಮ್ಮ. ನನಗೂ ಮಾತು ಹೊರಡಲಿಲ್ಲ.

ಕಥೆಯನ್ನು ಅಲ್ಲಿಗೇ ನಿಲ್ಲಿಸಲು ಕೇಳಿಕೊಂಡೆ. ಭಾನುವಾರದೊಳಗೆ ಜ್ವರ ವಾಸಿಮಾಡಿಕೊಳ್ಳಿ. ಮೊಣಕಾಲಿನ ನೆಪ ಬೇಡ, ಸ್ಕೂಟರಿನಲ್ಲಿ ಒಟ್ಟಿಗೆ ಹೋಗೋಣ. ಮಗಳ ಪಾತ್ರವನ್ನು ಇನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ನನಗೇ ಇರಲಿ ಎಂದು ಹೇಳಿಬಂದಿದ್ದೇನೆ.

ಪಕ್ಕದ ಕೋಣೆಯಿಂದ,
ನಿಮ್ಮ ಮಗಳು