ಈ ಸಲದ ಬ್ರೆಡ್ಡಿನಲ್ಲಿ ಬಾದಾಮಿ ಇಲ್ಲ

ಲೈಪ್ಜಿಗ್,
೪ ಡಿಸೆಂಬರ್ ೧೯೮೩

ಮುದ್ದಿನ ಮಾರ್ಲೀಸ್,

ಹೇಗಿದ್ದೀಯ ತಾಯಿ? ವಾಂತಿ ನಿಂತಿತೇ? ಕಾಲು ಬಾತಿಲ್ಲ ತಾನೆ? ಏಳನೆಯ ತಿಂಗಳು, ಭಾರ ಎತ್ತಬೇಡ. ಗಂಡ ಇದ್ದಾನಲ್ಲ, ಎತ್ತಲಿ. ಇಲ್ಲಿ ನಿಮ್ಮಪ್ಪನಿಗೆ ಎಂದಿನಂತೆ ಸೊಂಟ ನೋವು, ಎಂದಿನಂತೆ ನನ್ನ ಮೇಲೆ ಸಿಟ್ಟು. ನಿನ್ನ ತಮ್ಮ ಟೋರ್ಸ್ಟೆನ್ ಡಾಕ್ಟರಾಗುವ ಕನಸಿನಲ್ಲೇ ಉಣ್ಣುತ್ತಾನೆ, ಮಲಗುತ್ತಾನೆ. ನಿನಗೆ ಬರೆಯುವಾಗಲೆಲ್ಲ, ಲಕೋಟೆ ಒಡೆದು ಓದುವ ಆ ಮೂರನೆಯವರಿಗಾಗಿ ಒಂದೆರಡು ಮರ್ಯಾದಸ್ಥ ವಾಕ್ಯ ಸೇರಿಸುತ್ತಿದ್ದೆ. ಈ ಕಾಗದ ಅಂಚೆಗೆ ಹೋಗುವುದಿಲ್ಲ, ಹಾಗಾಗಿ ಮನಸ್ಸಿಗೆ ಬಂದಂತೆ ಬರೆಯುತ್ತೇನೆ. ಮೇಲಿನ ಮನೆಯ ಹೆಡ್ವಿಗ್ ಅಜ್ಜಿ ಗಡಿಯಾಚೆ ಪಶ್ಚಿಮ ಜರ್ಮನಿಗೆ, ನಿಮ್ಮ ಬ್ರೆಮೆನ್‌ಗೇ, ತಂಗಿಯ ಮನೆಗೆ ಹೊರಟಿದ್ದಾರೆ. ಪಿಂಚಣಿ ಪಡೆಯುವ ಮುದುಕರನ್ನಾದರೆ ಗಡಿ ದಾಟಲು ಬಿಡುತ್ತಾರಲ್ಲ. "ನಾನು ವಾಪಸ್ ಬರದಿದ್ರೆ ಸರ್ಕಾರಕ್ಕೆ ಪಿಂಚಣಿ ಉಳೀತು ಕಣೇ" ಎಂದು ನಗುತ್ತಾರೆ.

ಅವರ ಕೈಯಲ್ಲಿ ಕ್ರಿಸ್‌ಮಸ್ ಬ್ರೆಡ್ಡು ಕಳಿಸುತ್ತಿದ್ದೇನೆ. ಪ್ರತಿ ವರ್ಷ ನೀನು ಅಲ್ಲಿಂದ ಬಾದಾಮಿ, ದ್ರಾಕ್ಷಿ, ಕಿತ್ತಳೆ ಸಿಪ್ಪೆ ಕಳಿಸುವುದು, ನಾನು ಬೇಯಿಸಿ ನಿನಗೇ ಹಿಂತಿರುಗಿಸುವುದು ನಡೆದಿತ್ತು. ಈ ಸಲ ಬಾದಾಮಿ ಇಲ್ಲ. ಕಿತ್ತಳೆ ಸಿಪ್ಪೆಯ ಬದಲು ಸಕ್ಕರೆ ಪಾಕದಲ್ಲಿ ಬೆಂದ ಹಸಿರು ಟೊಮೆಟೊ, ಮುಖ ಸಿಂಡರಿಸಬೇಡ. ದ್ರಾಕ್ಷಿಯದು ಒಂದು ಕಥೆ. ಮಾರುಕಟ್ಟೆಯ ಬಳಿ ಉದ್ದದ ಸಾಲು ಕಂಡಿತು, ನಿಂತುಬಿಟ್ಟೆ. ಮೊದಲು ನಿಲ್ಲುವುದು, ಏನೆಂದು ಆಮೇಲೆ ಕೇಳುವುದು, ನಿನಗೆ ಮರೆತಿಲ್ಲವಷ್ಟೆ. ಮುಂದಿದ್ದವಳನ್ನು ಕೇಳಿದರೆ "ನಂಗೂ ಗೊತ್ತಿಲ್ಲಮ್ಮ, ಇಷ್ಟು ಜನ ನಿಂತವ್ರೆ ಅಂದ್ರೆ ಏನೋ ಒಳ್ಳೇದೇ ಇರ್ಬೇಕು" ಅಂದಳು. ಕೊನೆಗೆ ನೋಡಿದರೆ ಬಚ್ಚಲುಮನೆಯ ಶವರಿನ ಪೈಪು! ಬರಿಗೈಯಲ್ಲಿ ಬರಲು ಮನಸ್ಸಾಗದೆ ಎರಡು ತಂದೆ. "ಇದನ್ನೂ ಬ್ರೆಡ್ಡಿಗೆ ಹಾಕ್ತೀಯೇನೇ?" ಎಂದರು ನಿಮ್ಮಪ್ಪ. ಹಾಕಿದೆ ಅಂತಲೇ ಇಟ್ಟುಕೋ: ಒಂದನ್ನು ಬೇಕರಿಯವಳಿಗೆ ಕೊಟ್ಟು ದ್ರಾಕ್ಷಿ ತಂದೆ. ಕೈಗೆಟುಕದ ದ್ರಾಕ್ಷಿ ಹುಳಿ ಎನ್ನುತ್ತಾರೆ. ನಮ್ಮಲ್ಲಿ ಎಟುಕಿದ್ದೂ ಹುಳಿಯೇ.

ಬೆಣ್ಣೆ ಮಾತ್ರ ಕಡಿಮೆ ಮಾಡಿಲ್ಲ. ಬಟ್ಟೆ ಸುತ್ತಿ ತಂಪಿನಲ್ಲಿಡು, ಹಬ್ಬಕ್ಕೆ ಮೊದಲೇ ಮುರಿಯಬೇಡ. ಅಳಿಯಂದಿರಿಗೆ ದಪ್ಪನೆಯ ತುಂಡು ಕೊಡು. ಅಜ್ಜಿಯಾಗಲಿರುವ ನನ್ನ ಹೆಸರು ಹೇಳಿ ಹೊಟ್ಟೆಯನ್ನು ಒಮ್ಮೆ ಸವರಿಕೋ. ದೇವರೆಂಬವನು ಇದ್ದರೆ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಮ್ಮ

ತಾ.ಕ.: ಹೆಡ್ವಿಗ್ ಅಜ್ಜಿ ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ. ನಿನ್ನ ಪಾರ್ಸೆಲ್ಲು ನವೆಂಬರಿನಲ್ಲಿ ನಿನಗೇ ವಾಪಸು ಬಂದಿರುತ್ತದೆ, ಸುಂಕದವರು ತಡೆದರೆಂದು ತಿಳಿದಿರುತ್ತೀಯ. ಅಲ್ಲ ಮಗಳೇ. ನಿಮ್ಮಪ್ಪನೇ ಅಂಚೆ ಕಚೇರಿಗೆ ಹೋಗಿ ಬೇಡವೆಂದು ಹೇಳಿ ಬಂದರು. ಮಗಳೊಂದಿಗೆ ಇನ್ನು ಯಾವ ಸಂಬಂಧವೂ ಇಲ್ಲವೆಂದು ಅವರ ಕಾರ್ಖಾನೆಯಲ್ಲಿ ಪಕ್ಷದವರು ಸಹಿ ಹಾಕಿಸಿಕೊಂಡರು. ಇಲ್ಲದಿದ್ದರೆ ಟೋರ್ಸ್ಟೆನ್‌ಗೆ ವೈದ್ಯಕೀಯದ ಸೀಟು ಇಲ್ಲ. "ಅವಳು ದಾಟಿ ಹೋಗಿ ಬದುಕ್ಕೊಂಡ್ಳು. ಇವನು ಇಲ್ಲೇ ಬದುಕ್ಬೇಕಲ್ಲೇ" ಎಂದರು. ಇನ್ನು ನಮಗೆ ಬರೆಯಬೇಡ, ಫೋನೂ ಬೇಡ. ಹೆರಿಗೆಯಾದ ಮೇಲೆ, ಅಷ್ಟರಲ್ಲಿ ಇಲ್ಲಿಗೆ ಮರಳಿರುವ ಅಜ್ಜಿಯ ಹೆಸರಿಗೆ ಅವರ ತಂಗಿಯಿಂದ ಒಂದು ಪೊಟ್ಟಣ ಹಾಕಿಸು: ಹುಡುಗಿಯಾದರೆ ಬಾದಾಮಿ, ಹುಡುಗನಾದರೆ ದ್ರಾಕ್ಷಿ. ಬೇರೆ ಒಂದಕ್ಷರವೂ ಬೇಡ. ನಿಮ್ಮಪ್ಪನಿಗೆ ಇದನ್ನು ಹೇಳಿದೆ, ಸೊಂಟ ಹಿಡಿದುಕೊಂಡು ಎದ್ದು ಹೋದರು. ಈಗ ನೋಡಿದರೆ ಬಾಗಿಲಲ್ಲಿ ಅಜ್ಜಿಯನ್ನು ಮೆಲ್ಲಗೆ ಕೇಳುತ್ತಿದ್ದಾರೆ: ಬ್ರೆಮೆನ್‌ನಿಂದ ಪೊಟ್ಟಣ ಬರೋಕೆ ಎಷ್ಟು ದಿನ ಹಿಡಿಯುತ್ತೆ ಅಂತ.