ಗೇಟಿನ ಕಡೆಗೆ ಮುಖ

ಚಿತ್ರದುರ್ಗ
೨೪-೧೧-೨೦೨೪, ಭಾನುವಾರ

ಅವ್ವ,

ನಿನ್ನ ಕಾಲಿಗೆ ದುರುಗೇಶನ ನಮಸ್ಕಾರ. ಇದನ್ನು ನಿನಗೆ ಓದಿ ಹೇಳುತ್ತಿರುವ ಮಮತಾ ಅತ್ತಿಗೆಗೂ ನಮಸ್ಕಾರ. ದೀಪಾವಳಿಗೆ ಬಂದು ಹೋದವನು ಒಂದು ಫೋನೂ ಮಾಡಲಿಲ್ಲ ಎಂದು ಬಯ್ದುಕೊಳ್ಳುತ್ತಿರುತ್ತೀಯ, ಗೊತ್ತು. ತಪ್ಪಾಯ್ತು. ಆದರೆ ಫೋನಿನಲ್ಲಿ ಹೇಳಿದರೆ ನೀನು ಸ್ಪೀಕರ್ ಹಾಕಿ ಇಡೀ ಹಟ್ಟಿಗೆ ಕೇಳಿಸುತ್ತೀಯ. ಇದು ಹಟ್ಟಿಗೆಲ್ಲ ಹೇಳುವ ಮಾತಲ್ಲ. ಅದಕ್ಕೇ ಕಾಗದ.

ನಾನು ಚೆನ್ನಾಗಿದ್ದೇನೆ, ಕೆಮ್ಮು ಹೋಯಿತು. ನೀನು ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿಪುಡಿಯನ್ನು ನನ್ನ ರೂಮಿನ ನಿರಂಜನ್ ಅರ್ಧ ಖಾಲಿ ಮಾಡಿದ. ತಿನ್ನುವುದೂ ನನ್ನದೇ, ಆಡಿಕೊಳ್ಳುವುದೂ ನನ್ನನ್ನೇ. ಮೆಸ್ಸಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕುಳಿತರೆ ನನಗೆ ಅನ್ನ ಇಳಿಯುವುದಿಲ್ಲ. "ಏನಲೇ, ಪೊಲೀಸ್ರು ಹುಡುಕ್ತಾವ್ರಾ ನಿನ್ನ?" ಎನ್ನುತ್ತಾನೆ. ನಾನೂ ನಗುತ್ತೇನೆ.

ಹಬ್ಬದಲ್ಲಿ ನೀನು ಕೇಳಿದೆಯಲ್ಲ, "ಡಾಕ್ಟ್ರಲ್ಲ, ಮೇಷ್ಟ್ರಲ್ಲ, ಮತ್ತೇನಪ್ಪ ನೀನು ಆಗಾದು?" ಅಂತ. ಬಿ.ಎಸ್.ಡಬ್ಲ್ಯೂ. ಎಂದರೆ ಸಮಾಜಕಾರ್ಯದ ಡಿಗ್ರಿ ಅವ್ವ. ವಾರದಲ್ಲಿ ಎರಡು ದಿನ ಕ್ಲಾಸಿಲ್ಲ, ಹಳ್ಳಿಗೆ ಹೋಗಿ ಜನರ ಕಷ್ಟ ಕೇಳಬೇಕು. ಕೇಳಬೇಕು ಅಷ್ಟೇ, ಬುದ್ಧಿ ಹೇಳಬಾರದು. ಅವರ ಬದುಕು ಅವರದು, ತೀರ್ಮಾನ ಅವರೇ ಮಾಡಲಿ ಎಂದು ನಮ್ಮ ಯಶೋದಾ ಮೇಡಂ ಹೇಳಿ ಹೇಳಿ ಸುಸ್ತಾಗಿದ್ದಾರೆ. ಪರೀಕ್ಷೆಯಲ್ಲಿ ಅದನ್ನೇ ಪುಟಗಟ್ಟಲೆ ಬರೆದು ಒಳ್ಳೆಯ ಮಾರ್ಕ್ಸ್ ತಗೊಂಡೆ. ಹಿರೇಗುಂಟನೂರಿಗೆ ಹೋದಾಗ ಎಲ್ಲ ಮರೆತೆ.

ಅಲ್ಲಿ ಗೌರಕ್ಕ ಎಂಬ ಹೆಂಗಸು ಇದ್ದಾಳೆ, ನಮ್ಮ ಹಾಗೆ ಕುರಿಯವರು. ಗಂಡ ಈರಬಸಪ್ಪ ಮಂದೆ ಹೊಡೆದುಕೊಂಡು ಮಾರಿಕಣಿವೆ ಕಡೆ ಹೊರಟು ನಿಂತಿದ್ದ. ಏಳು ವರ್ಷದ ಮಗಳು ರೋಜಾ ಪ್ರತಿ ವರ್ಷ ಮಂದೆಯ ಹಿಂದೆ ಹೋಗಿ ಶಾಲೆ ತಪ್ಪಿಸುತ್ತಿದ್ದಳು. ವಲಸೆ ಹೋಗುವವರ ಮಕ್ಕಳಿಗೆಂದೇ ಒಂದು ಹಾಸ್ಟೆಲ್ ಇದೆ, ಈ ಸಲ ಅಲ್ಲಿ ಬಿಡೋಣ ಎಂದು ಗಂಡ ಹೆಂಡತಿ ತಾವಾಗಿಯೇ ಒಪ್ಪಿದರು. ಅಲ್ಲಿಯವರೆಗೆ ನನ್ನದೇನೂ ತಪ್ಪಿಲ್ಲ. ಬಿಡುವ ದಿನ ಗೌರಕ್ಕ ಹಾಸ್ಟೆಲಿನ ಗೇಟಿನಲ್ಲಿ ನಿಂತು ನನ್ನನ್ನು ಕೇಳಿದಳು, "ಇವ್ಳು ಸೆರಗು ಬಿಡ್ತಿಲ್ಲ ಕಣಪ್ಪ. ಹೆಂಗ್ ಹೋಗ್ಲಿ ನಾನು?"

ನಾನು ಯೋಚನೆ ಕೂಡ ಮಾಡಲಿಲ್ಲ. "ಊಟಕ್ ಕುಂದ್ರಿಸ್ರಿ. ತಟ್ಟೆ ಮ್ಯಾಲೆ ಗ್ಯಾನ ಇದ್ದಾಗ ಸುಮ್ನೆ ಹೊಂಟ್ಬಿಡ್ರಿ. ಹೇಳಿ ಹೋದ್ರೆ ರಂಪ ಮಾಡ್ತಾಳೆ" ಎಂದೆ.

ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು ಹೇಳು? ನಮ್ಮ ಹಟ್ಟಿಯಲ್ಲಿ ಬೆಳಿಗ್ಗೆ ಮಾಡುವುದು ಅದನ್ನೇ ತಾನೆ. ಎಳೆ ಮರಿಗಳನ್ನು ಗೂಡಿಗೆ ಬಿಟ್ಟು, ಮುಂದೆ ಸೊಪ್ಪು ಕಟ್ಟಿ, ಅವು ಮೇಯುತ್ತಿರುವಾಗ ತಾಯಿ ಕುರಿಗಳನ್ನು ಹೊಡೆದುಕೊಂಡು ಹೋಗುವುದು. ಮರಿ ಚೀರಿದರೆ ತಾಯಿ ಹೆಜ್ಜೆ ಕಿತ್ತಿಡುವುದಿಲ್ಲ. ಆದರೆ ಆ ತಾಯಿಗಳು ಸಂಜೆಗೆ ಬಂದುಬಿಡುತ್ತವೆ. ಗೌರಕ್ಕ ಬರುವುದು ಮುಂಗಾರಿಗೆ.

ಪಾಪ, ಅವಳು ನಾನು ಹೇಳಿದ ಹಾಗೇ ಮಾಡಿದಳು. ರೋಜಾ ತಟ್ಟೆಯಿಂದ ತಲೆ ಎತ್ತಿದಾಗ ಅವ್ವ ಇಲ್ಲ. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಬಡಿಸಿದ ತಟ್ಟೆ ಹಿಡಿದುಕೊಂಡು ಗೇಟಿಗೆ ಬಂದು ನಿಲ್ಲುತ್ತಾಳಂತೆ. ಎಲ್ಲರೂ ಮಲಗಲು ಹೋದ ಮೇಲೆ ಎರಡು ತುತ್ತು ತಿಂದರೆ ಹೆಚ್ಚು. ಹೋದ ವಾರ ನಾನೇ ಪಕ್ಕದಲ್ಲಿ ಕೂತು, "ಯಾಕ್ ಪುಟ್ಟಿ, ಉಣ್ಣಲ್ವಾ?" ಎಂದೆ.

"ನಾ ಉಂಡ್ರೆ ನೀನೂ ಹೋಗ್ತೀಯ" ಎಂದಳು.

ಅಯ್ಯೋ ಅವ್ವ, ನನಗೆ ಅಲ್ಲಿ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ಮೇಡಂಗೆ ಎಲ್ಲ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. "ಹೀಗ್ ಮಾಡ್ಬೇಕು ಅಂತ ನಿಂಗ್ಯಾರು ಹೇಳ್ಕೊಟ್ರು ದುರುಗೇಶ್?" ಎಂದಷ್ಟೇ ಕೇಳಿದರು.

ಈಗ ತಲೆ ಕೆಟ್ಟು ಗೊಬ್ಬರವಾಗಿದೆ. ಮಂದೆ ಆದಿವಾಲದ ಹತ್ತಿರ ಯಾರದೋ ಹೊಲದಲ್ಲಿ ನಿಂತಿದೆಯಂತೆ. ಗೌರಕ್ಕ ಅಲ್ಲಿಂದ ಫೋನ್ ಮಾಡಿ, "ಉಂಡ್ಳೇನಪ್ಪ ಕೂಸು?" ಎನ್ನುತ್ತಾಳೆ. ಉಂಡಳು ಎಂದು ಸುಳ್ಳು ಹೇಳಿದೆ. ಮಗುವನ್ನು ಒಯ್ದು ತಾಯಿಗೆ ಒಪ್ಪಿಸಿಬಿಡಲೇ? ಹಾಗೆ ಮಾಡಿದರೆ ಓದು ನಿಂತಂತೆಯೇ. ಇಲ್ಲೇ ಬಿಡಲೇ? ನಾನೂ ಹೊಳಲ್ಕೆರೆಯ ಹಾಸ್ಟೆಲಿನಲ್ಲಿ ಬೆಳೆದವನೇ ಅಲ್ಲವೇ, ನನಗೇನಾಯ್ತು ಎನ್ನಿಸುತ್ತದೆ. ಏನಾಯ್ತು ಎಂದು ನಿಜವಾಗಿ ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ಪುಸ್ತಕದಲ್ಲೂ ಹುಡುಕಿದೆ, ಇಲ್ಲ.

ಬರುವ ಶನಿವಾರ ಮೇಡಂ ಮತ್ತು ನಾನು ರೋಜಾಳನ್ನು ಆದಿವಾಲಕ್ಕೆ ಕರೆದುಕೊಂಡು ಹೋಗುತ್ತೇವೆ. ಗೌರಕ್ಕ ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಲಿ, ಹೋಗುತ್ತೇನೆ ಅಂತಲೂ, ಯಾವಾಗ ಬರುತ್ತೇನೆ ಅಂತಲೂ. ರಂಪ ಮಾಡಿದರೆ ಮಾಡಲಿ. ಆಮೇಲೆ ಹಾಸ್ಟೆಲೋ ಮಂದೆಯೋ, ಅವರೇ ತೀರ್ಮಾನಿಸಲಿ. ಇದಾದರೂ ಸರಿಯೋ, ಇದೂ ಇನ್ನೊಂದು ತಪ್ಪೋ, ನನಗೆ ಗೊತ್ತಾಗುತ್ತಿಲ್ಲ.

ರವೀಂದ್ರಣ್ಣನಿಗೆ ಕೇಳಿದೆ ಎಂದು ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ, ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಆಶೀರ್ವಾದ ನನ್ನ ಮೇಲಿರಲಿ. ಆ ಕೂಸನ್ನೂ ನೆನೆದು ದೇವರ ಮುಂದೆ ಒಂದು ಊದುಬತ್ತಿ ಹಚ್ಚು.

ನಿನ್ನ ಮಗ,
ದುರುಗೇಶ

ಇನ್ನೊಂದು ಮಾತು. ಅತ್ತಿಗೆ, ಇದನ್ನು ಅವ್ವ ಒಬ್ಬಳೇ ಇದ್ದಾಗ ಓದಿ ಹೇಳಿ.

ಅವ್ವ, ನೀನು ನನ್ನನ್ನು ಹೊಳಲ್ಕೆರೆಯಲ್ಲಿ ಬಿಟ್ಟ ದಿನ ಚಿತ್ರಾನ್ನ ಬಡಿಸಿದ್ದರು. "ಉಣ್ಣು ಮಗ, ಇಲ್ಲೇ ಇರ್ತೀನಿ" ಅಂದೆ ನೀನು. ನಾನು ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದೆ. ನೀನು ಮಾಡಿದ್ದು ತಪ್ಪು ಅನ್ನುತ್ತಿಲ್ಲ, ಮಂದೆ ಮುಂದೆ ಹೋಗಿತ್ತು, ನಿನಗೂ ಬೇರೆ ದಾರಿ ಇರಲಿಲ್ಲ. ಒಂದೇ ಒಂದು ಕೇಳುತ್ತೇನೆ. ಗೇಟು ದಾಟಿದ ಮೇಲೆ ಒಂದು ಸಲವಾದರೂ ತಿರುಗಿ ನೋಡಿದೆಯಾ? ಅತ್ತಿಗೆಯ ಕೈಲಿ ಉತ್ತರ ಬರೆಸು. ನೋಡಿರದಿದ್ದರೂ, ನೋಡಿದೆ ಅಂತಲೇ ಬರೆಸು.