ಗಡಿಗೆಯ ಮೇಲಿನ ಹೆಬ್ಬೆರಳು

ಮ್ಯೂಸಿಯಂ ನಿರ್ದೇಶಕರೇ,

ನಮಸ್ಕಾರ ಆಮೇಲೆ ಹೇಳುತ್ತೇನೆ.

ನಿಮ್ಮ ಪಾಡ್‌ಕಾಸ್ಟಿನ ಏಳನೇ ಕಂತು ಕೇಳಿದೆ. ಮೂರನೇ ಕೋಣೆಯ ಗಡಿಗೆಯ ಕುತ್ತಿಗೆ ಮೇಲಿರುವ ಹೆಬ್ಬೆರಳ ಗುರುತು ಎರಡು ಸಾವಿರ ವರ್ಷದ ಹಿಂದಿನ ಕುಂಬಾರನದು ಅಂತ ನಿಮ್ಮ ಪಂಡಿತರು ಗದ್ಗದಿತರಾದರು. ಯಾವ ಕುಂಬಾರನ್ರೀ? ಅದು ನಮ್ಮಮ್ಮನ ಹೆಬ್ಬೆರಳು! ನಿಮ್ಮ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷ ಒಡೆದ ಚೂರು ಜೋಡಿಸಿದವಳು. ಕುತ್ತಿಗೆಯ ಚೂರು ಸಿಗದೆ ಪ್ಲಾಸ್ಟರ್ ತುಂಬಿ, ಹಸಿಯಿರುವಾಗಲೇ ಒತ್ತಿ, ಒಣಗಿದ ಮೇಲೆ ಬಣ್ಣ ಬಳಿದಳು. ಅವಳು ಸತ್ತು ವರ್ಷವಾಗಿಲ್ಲ, ಆಗಲೇ ಗಂಡಸು ಮಾಡಿಬಿಟ್ಟಿರಿ.

ಮುಂದಿನ ಕಂತಿನಲ್ಲಿ ತಿದ್ದಿ. ಗುರುತು ಮಾತ್ರ ಕೆರೆಯಬೇಡಿ. ಸಾಕ್ಷಿ ಬೇಕಿದ್ದರೆ ಹಳೇ ಹಾಜರಿ ಪುಸ್ತಕ ತೆರೆಯಿರಿ. ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅದೇ ಹೆಬ್ಬೆರಳನ್ನು ನೀವೇ ಒತ್ತಿಸಿಕೊಂಡಿದ್ದೀರಿ.

ಈಗ ನಮಸ್ಕಾರ.

ಚೂರು ಜೋಡಿಸುವವಳ ಮಗಳು